ಬಿದ್ದವರು ಮತ್ತೆ ನಡೆಯಲು ಮೊಬೈಲ್ ನೆರವು ಪಡೆಯುವುದು ಹೇಗೆ?

ಕಳೆದ ಮಳೆಗಾಲದಲ್ಲಿ ಉಡುಪಿಯ ನಮ್ಮ ಮನೆಯ ಅಂಗಳದಲ್ಲಿ ಅಮ್ಮ ಜಾರಿ ಬಿದ್ದರು. ಬಾವಿಕಟ್ಟೆಯ ಬಳಿಯ ಪಾಚಿಯೇ ಕಾರಣ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಆದರೆ ಮರುದಿನದಿಂದ ಗೋಡೆ ಹಿಡಿಯದೆ ದೇವರ ಕೋಣೆಗೂ ಹೋಗಲೊಲ್ಲರು. ಹೆದರಿ ಕುಳಿತಷ್ಟೂ ಕಾಲಿನ ಸ್ನಾಯುಗಳು ಸೊರಗುತ್ತವೆ, ಸೊರಗಿದ ಕಾಲು ಮತ್ತೆ ಬೀಳಿಸುತ್ತದೆ. ಅವರನ್ನು ಕುರ್ಚಿಯಿಂದ ಎಬ್ಬಿಸಲು ನಾವು ಮೊಬೈಲನ್ನು ಬಳಸಿಕೊಂಡದ್ದು ಹೀಗೆ.

ಮೊದಲ ಕೆಲಸ ವೈದ್ಯರ ತಪಾಸಣೆ. ಬಿದ್ದದ್ದು ಪಾಚಿಯಿಂದಲೋ, ತಲೆ ತಿರುಗಿಯೋ ಎಂಬುದು ತಿಳಿಯಬೇಕು. ಇದಕ್ಕೆ ಮನೆಯ ಡಿಜಿಟಲ್ ಬಿಪಿ ಯಂತ್ರವೂ ನೆರವಾಗುತ್ತದೆ. ಐದು ನಿಮಿಷ ಮಲಗಿಸಿ ಒಮ್ಮೆ ನೋಡಿ, ಎದ್ದು ನಿಂತ 1 ಮತ್ತು 3 ನಿಮಿಷಗಳ ಬಳಿಕ ಮತ್ತೆ ನೋಡಿ. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ವೈದ್ಯರಿಗೆ ತಿಳಿಸಿ. ಮಾತ್ರೆಯ ಪ್ರಮಾಣವನ್ನು ನೀವೇ ಬದಲಿಸಬೇಡಿ.

ಆಮೇಲೆ ಮೊಬೈಲಿನ ಸ್ಟಾಪ್‌ವಾಚ್ ತೆರೆಯಿರಿ. ಕುರ್ಚಿಯಿಂದ 3 ಮೀಟರ್ ದೂರದಲ್ಲಿ ನೆಲಕ್ಕೆ ಟೇಪ್ ಅಂಟಿಸಿ. ಕುರ್ಚಿಯಿಂದ ಎದ್ದು, ಟೇಪಿನವರೆಗೆ ಎಂದಿನ ನಡಿಗೆಯಲ್ಲಿ ಹೋಗಿ, ತಿರುಗಿ ಬಂದು ಕುಳಿತುಕೊಳ್ಳಬೇಕು. 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆ ಎಂದು ಲೆಕ್ಕ. ಅಮ್ಮನಿಗೆ 19 ಸೆಕೆಂಡ್ ಹಿಡಿಯಿತು. ಒಬ್ಬರು ಪಕ್ಕದಲ್ಲೇ ನಡೆಯಲಿ, ಸಮಯವನ್ನು ಇನ್ನೊಬ್ಬರು ನೋಡಲಿ.

ಇನ್ನು ವ್ಯಾಯಾಮ. ಮೊದಲ ಬಾರಿ ಫಿಸಿಯೋಥೆರಪಿಸ್ಟರನ್ನು ನೇರವಾಗಿ ಕಾಣುವುದೇ ಸರಿ. ಮುಂದಿನ ಭೇಟಿಗಳು ವಿಡಿಯೋ ಕರೆಯಲ್ಲಿ ನಡೆದಾವು, ಆಟೋ ಹತ್ತಿಳಿಯುವ ಪಾಡು ತಪ್ಪುತ್ತದೆ. ನಾವು ಎಡವಿದ್ದು ಇಲ್ಲಿಯೇ. ಮೊದಲ ಕರೆಯಲ್ಲಿ ಫೋನನ್ನು ಅಮ್ಮನ ಮುಖಕ್ಕೆ ಹಿಡಿದಿದ್ದೆವು. “ಮುಖ ಚೆನ್ನಾಗಿದೆ, ಪಾದ ತೋರಿಸಿ” ಎಂದರು ಅತ್ತ ಕಡೆಯವರು. ಕೊನೆಗೆ ಸ್ಟೂಲಿನ ಮೇಲೆ ಅಕ್ಕಿ ಅಳೆಯುವ ಹಳೆಯ ಸೇರನ್ನಿಟ್ಟು, ಅದಕ್ಕೆ ಫೋನನ್ನು ಅಡ್ಡಲಾಗಿ ಒರಗಿಸಿದೆವು. ಎಂಟು ಹತ್ತು ಅಡಿ ದೂರದಿಂದ, ಪಕ್ಕದ ಕೋನದಲ್ಲಿ ಅಂಗಾಲಿನಿಂದ ತಲೆಯವರೆಗೆ ಕಾಣುವಂತಿರಬೇಕು. ಬೆಳಕು ಎದುರಿನಿಂದ ಬರಲಿ, ಕಿಟಕಿ ಬೆನ್ನ ಹಿಂದೆ ಬೇಡ. ಸೀರೆಯನ್ನು ಹಿಮ್ಮಡಿ ಕಾಣುವಷ್ಟು ಎತ್ತಿಕೊಳ್ಳದಿದ್ದರೆ ಅದನ್ನು ನೆಲದಿಂದ ಎತ್ತಿದ್ದಾರೋ ಇಲ್ಲವೋ ಯಾರಿಗೂ ತಿಳಿಯದು. ಮಳೆಗಾಲದಲ್ಲಿ ಕರೆಂಟ್ ಹೋದರೆ ವೈಫೈ ಕೂಡ ಹೋಗುತ್ತದೆ. ಮೊಬೈಲ್ ಡೇಟಾ ಸಿದ್ಧವಿರಲಿ, ಇಲ್ಲವೇ ವ್ಯಾಯಾಮವನ್ನು ಚಿತ್ರೀಕರಿಸಿಟ್ಟು ಸಂಜೆ ಕಳುಹಿಸಿ.

ಹೇಳಿಕೊಡುವ ವ್ಯಾಯಾಮಗಳೇನೂ ದೊಡ್ಡವಲ್ಲ. ಕೈಯೂರದೆ ಕುರ್ಚಿಯಿಂದ ಏಳುವುದು, ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಒಂದು ಪಾದದ ಮುಂದೆ ಇನ್ನೊಂದನ್ನಿಟ್ಟು ನಿಲ್ಲುವುದು. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಪ್ರಸಿದ್ಧ ಕ್ರಮದಲ್ಲಿ ಇಂಥ ವ್ಯಾಯಾಮ ವಾರಕ್ಕೆ ಮೂರು ದಿನ, ನಡಿಗೆ ಎರಡು ದಿನ. ಯಾವುದನ್ನು ಎಷ್ಟು ಬಾರಿ ಎಂಬುದನ್ನು ಫಿಸಿಯೋಥೆರಪಿಸ್ಟರೇ ಹೇಳಲಿ. ನಿಮ್ಮ ಪಾಲಿನದು ಮೊಬೈಲಿನಲ್ಲಿ ಅಲಾರಂ ಇಡುವುದು ಮತ್ತು ಲೆಕ್ಕ ಬರೆಯುವುದು. ಹೆಜ್ಜೆ ಎಣಿಸುವ ಆ್ಯಪ್‌ಗಳನ್ನು ನಾನು ಹೆಚ್ಚು ನಂಬುವುದಿಲ್ಲ. ಕಾಲೆಳೆದು ನಿಧಾನವಾಗಿ ನಡೆಯುವವರ ಹೆಜ್ಜೆಗಳನ್ನು ಅವು ಬಿಟ್ಟುಬಿಡುತ್ತವೆ. ಗೋಡೆಯ ಕ್ಯಾಲೆಂಡರಿನಲ್ಲಿ ಅಮ್ಮ ತಾವೇ ಗೀಟು ಎಳೆಯತೊಡಗಿದ ಮೇಲೆಯೇ ನಮ್ಮಲ್ಲಿ ಹುರುಪು ಬಂದದ್ದು.

ಬಿದ್ದರೆ ಮನೆಯವರಿಗೆ ಸಂದೇಶ ಕಳುಹಿಸುವ ಕೈಗಡಿಯಾರವನ್ನು ಬೆಂಗಳೂರಿನಲ್ಲೋ ದುಬೈಯಲ್ಲೋ ಇರುವ ಮಕ್ಕಳು ತಂದುಕೊಡುತ್ತಾರೆ. ಒಳ್ಳೆಯದೇ. ಆದರೆ ಕುರ್ಚಿಯಿಂದ ಮೆಲ್ಲನೆ ಜಾರಿ ಕುಸಿದರೆ ಅದು ಗುರುತಿಸದೆ ಇರಬಹುದು. ಬಚ್ಚಲಿಗೆ ಹೋಗುವಾಗ ಬಿಚ್ಚಿಟ್ಟರಂತೂ ಬೇಕಾದಲ್ಲೇ ಇರುವುದಿಲ್ಲ, ಆದ್ದರಿಂದ ನೀರು ತಾಗಿದರೂ ಕೆಡದಂಥದ್ದನ್ನೇ ಕೊಳ್ಳಿ. ರಾತ್ರಿ ಎದ್ದು ಹೋಗುವಾಗಲೂ ಅದು ಕೈಯಲ್ಲಿರಬೇಕು, ಹಾಗಾಗಿ ಚಾರ್ಜಿಂಗ್ ಮಧ್ಯಾಹ್ನ ಊಟದ ಹೊತ್ತಿಗೆ. ಹಾಸಿಗೆಯಿಂದ ಬಚ್ಚಲಿನವರೆಗೆ, ಆಳು ಸುಳಿದರೆ ತಾನಾಗಿ ಉರಿಯುವ ಸೆನ್ಸರ್ ದೀಪ ಹಾಕಿ. ಕಡಿಮೆ ಖರ್ಚಿನಲ್ಲಿ ಇಷ್ಟು ಉಪಕಾರ ಮಾಡುವ ಸಾಧನ ಇನ್ನೊಂದು ನನಗೆ ಗೊತ್ತಿಲ್ಲ. ಕೋಣೆಗೆ ಕ್ಯಾಮೆರಾ ಇಡುವ ಆಲೋಚನೆಯಿದ್ದರೆ ಹಿರಿಯರನ್ನು ಕೇಳಿಯೇ ಇಡಿ. ನಮ್ಮ ಅಮ್ಮ ಬೇಡವೆಂದರು, ಅಲ್ಲಿಗೆ ಆ ಮಾತು ಮುಗಿಯಿತು.

ಫೋನಿನಲ್ಲಿ ಪಕ್ಕದ ಮನೆಯವರ ನಂಬರನ್ನು ಮೊದಲು, ಮಗನದ್ದನ್ನು ಆಮೇಲೆ ಇಡಿ. ಆಂಬುಲೆನ್ಸ್‌ಗೆ 108. ಬಿದ್ದಾಗ ತಲೆಗೆ ಪೆಟ್ಟಾದರೆ, ಸೊಂಟದ ನೋವಿನಿಂದ ಕಾಲೂರಲಾಗದಿದ್ದರೆ ಎಬ್ಬಿಸಲು ಹೋಗದೆ ನೇರ ಕರೆ ಮಾಡಿ.

ಎರಡು ತಿಂಗಳ ಬಳಿಕ ಅಮ್ಮನ 19 ಸೆಕೆಂಡ್ 14ಕ್ಕೆ ಇಳಿದಿದೆ. 12ರ ಗೆರೆ ದಾಟುವವರೆಗೆ ಸೇರು ಸ್ಟೂಲಿನ ಮೇಲೆಯೇ ಇರಲಿದೆ. ಅಕ್ಕಿ ಅಳೆಯಲು ಈಗ ಲೋಟ.