ಹಳೆ ಸಿಪಿಯುನಲ್ಲಿ ಮತ್ತೆ ಡೂಮ್

1993ರ ಗುಂಡು ಹಾರಿಸುವ ಆಟ ಡೂಮ್ ಆಡಲು ಹೊಸ ಕಂಪ್ಯೂಟರ್ ಬೇಕಿಲ್ಲ. ತಲೆ ಕೆಡಿಸಿಕೊಳ್ಳಬೇಕಾದದ್ದು ಅದನ್ನು ಯಾವ ಪ್ರೋಗ್ರಾಂನಲ್ಲಿ ಓಡಿಸಬೇಕು ಅನ್ನೋದಕ್ಕೆ. ಆಟ ಮಾಡಿದ ಐಡಿ ಸಾಫ್ಟ್‌ವೇರ್ 1997ರ ಡಿಸೆಂಬರ್‌ನಲ್ಲಿ ಸೋರ್ಸ್ ಕೋಡ್ ಬಿಟ್ಟುಕೊಟ್ಟ ಮೇಲೆ ಹತ್ತಾರು ಪೋರ್ಟ್‌ಗಳು, ಅಂದರೆ ಅದೇ ಆಟ ಓಡಿಸುವ ಬೇರೆ ಪ್ರೋಗ್ರಾಂಗಳು, ಬಂದಿವೆ. ಎಲ್ಲರೂ ಮೊದಲು ಹೇಳೋದು ಜಿಝಡ್‌ಡೂಮ್. ಅದರಲ್ಲಿ ತಲೆ ಎತ್ತಿ ನೋಡಬಹುದು, ಜಿಗಿಯಬಹುದು, ಬೆಳಕು-ನೆರಳು ಹಚ್ಚಬಹುದು. ನಾನು ಹಾಕಿಕೊಂಡದ್ದು ಹಳೆ ಆಟವನ್ನು ಇದ್ದ ಹಾಗೇ ಓಡಿಸುವ ಚಾಕೊಲೇಟ್ ಡೂಮ್.

ಒಂದು ಕಾರಣ ಯಂತ್ರದ್ದು. ಕಲಬುರಗಿಯಲ್ಲಿ ಸೆಕೆಂಡ್ ಹ್ಯಾಂಡ್ ಅಂತ ಕೈಗೆ ಬರುವುದು ಹೆಚ್ಚಾಗಿ ಆಫೀಸಿನಿಂದ ಹೊರಬಿದ್ದ ಡಬ್ಬಿ. ನನ್ನದು ಜಿ41 ಬೋರ್ಡಿನ ಕೋರ್ ಟೂ ಡ್ಯುಯೋ, 2 ಜಿಬಿ ರ‍್ಯಾಮ್. ಅದರ ಇಂಟೆಲ್ ಗ್ರಾಫಿಕ್ಸ್, ಚಿತ್ರ ಬಿಡಿಸಲು ಆಟಗಳು ಬಳಸುವ ಓಪನ್‌ಜಿಎಲ್‌ನ 2.1 ಆವೃತ್ತಿಗೇ ನಿಲ್ಲುತ್ತದೆ. ಜಿಝಡ್‌ಡೂಮ್‌ನ ಮಾಮೂಲಿ ರೆಂಡರರ್ (ಚಿತ್ರ ಬಿಡಿಸುವ ಭಾಗ) 3.3 ಕೇಳುತ್ತದೆ. ಚಾಕೊಲೇಟ್ ಡೂಮ್‌ಗೆ ಗ್ರಾಫಿಕ್ಸ್ ಕಾರ್ಡ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಇನ್ನೊಂದು ಕಾರಣ ಆಟದ್ದೇ. ಡೂಮ್‌ನ ಲೆಕ್ಕವೆಲ್ಲ ಅದರ ಮಿತಿಗಳ ಮೇಲೆ ನಿಂತಿದೆ. ಮೇಲೆ ನೋಡಲು ಬರುವುದಿಲ್ಲ, ಜಿಗಿಯಲು ಬರುವುದಿಲ್ಲ ಅಂದುಕೊಂಡೇ ಅಟ್ಟ, ಕಿಟಕಿ, ಕಂದಕ ಇಟ್ಟಿದ್ದಾರೆ. ಜಿಗಿತ ಕೊಟ್ಟರೆ ಕೀಲಿ ಹುಡುಕಬೇಕಾದ ಎಷ್ಟೋ ಕಡೆ ಗೋಡೆ ಹಾರಿ ಹೋಗಿಬಿಡಬಹುದು. ಆಮೇಲೆ ಆಟ ಸಪ್ಪೆ ಆಯ್ತು ಅಂತ ಡೂಮ್ ಮೇಲೆ ತಪ್ಪು ಹೊರಿಸೋದು ನ್ಯಾಯವಲ್ಲ.

ಡಬ್ಬಿಯ ಕೆಲಸ ಮೊದಲು. ಏಪ್ರಿಲ್-ಮೇನಲ್ಲಿ ಇಲ್ಲಿ 42 ಡಿಗ್ರಿ ದಾಟುತ್ತದೆ, ಕರಿಮಣ್ಣಿನ ಧೂಳು ಹೀಟ್‌ಸಿಂಕ್ ಸಂದಿಯಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಬ್ಲೋವರ್ ಹಿಡಿಯುವಾಗ ಫ್ಯಾನ್ ರೆಕ್ಕೆ ಬೆರಳಿನಿಂದ ಒತ್ತಿ ಹಿಡಿಯಿರಿ. ಗಾಳಿಗೆ ಅದು ಮಿತಿಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಹಳೆ ಪೇಸ್ಟ್ ಒರೆಸಿ, ತೊಗರಿ ಕಾಳಿನಷ್ಟು ಹೊಸ ಥರ್ಮಲ್ ಪೇಸ್ಟ್ ನಡುವೆ ಇಟ್ಟರೆ ಸಾಕು, ಉಳಿದದ್ದನ್ನು ಹೀಟ್‌ಸಿಂಕ್ ಒತ್ತಿಕೊಳ್ಳುತ್ತದೆ. ಕರೆಂಟ್ ನಂಬಬೇಡಿ: ಈ ಆಟದಲ್ಲಿ ತಾನಾಗಿ ಸೇವ್ ಆಗುವುದಿಲ್ಲ. ಎಫ್6 ಒತ್ತಿದರೆ ಕ್ವಿಕ್ ಸೇವ್, ಎಫ್9 ಒತ್ತಿದರೆ ಮತ್ತೆ ಅಲ್ಲಿಂದಲೇ.

ಡೆಬಿಯನ್ ಮೂಲದ ಲಿನಕ್ಸ್‌ನಲ್ಲಿ ಚಾಕೊಲೇಟ್ ಡೂಮ್ ಪ್ಯಾಕೇಜ್ ಆಗಿಯೇ ಸಿಗುತ್ತದೆ. ಬೇಕಾದದ್ದು ಆಟದ ಫೈಲ್, ಅಂದರೆ ವ್ಯಾಡ್. ಶೇರ್‌ವೇರ್ ವ್ಯಾಡ್ ಪುಕ್ಕಟೆ, ಮೊದಲ ಎಪಿಸೋಡಿನ 9 ಹಂತ ಇರುತ್ತವೆ. ಅದರ 1.9 ಆವೃತ್ತಿ ಸರಿಯಾಗಿ 41,96,020 ಬೈಟ್. ದುಡ್ಡು ಕೊಟ್ಟು ಕೊಂಡ ಅಲ್ಟಿಮೇಟ್ ಡೂಮ್ 36 ಹಂತದ್ದು, 1,24,08,292 ಬೈಟ್. ಈ ಅಂಕಿ ನೋಡಿಕೊಳ್ಳಿ. ಬೇರೆ ಬಂದರೆ ಅದು ಆಮೇಲೆ ತಿದ್ದಿದ ಫೈಲು ಅಥವಾ ಅರ್ಧ ಡೌನ್‌ಲೋಡ್ ಆದದ್ದು; ಚಾಕೊಲೇಟ್ ಡೂಮ್ ಹಳೆಯದಕ್ಕೆ ಕಟ್ಟಿದ್ದು, ಹೊಸ ಫೈಲಿಗೆ ತಕರಾರು ತೆಗೆಯಬಹುದು.

ಪರದೆ. ಮೂಲ ಚಿತ್ರ 320×200, ಆದರೆ ಅದನ್ನು 4:3 ಮಾನಿಟರ್ ತುಂಬ ಎಳೆದು ತೋರಿಸುತ್ತಿದ್ದರು. ಹಾಗಾಗಿ ಪ್ರತಿ ಪಿಕ್ಸೆಲ್ ಅಗಲಕ್ಕಿಂತ 20% ಎತ್ತರ. ಚಾಕೊಲೇಟ್ ಡೂಮ್‌ನ ಸೆಟಪ್‌ನಲ್ಲಿ ಆಸ್ಪೆಕ್ಟ್ ರೇಷಿಯೋ (ಅಗಲ-ಎತ್ತರದ ಪ್ರಮಾಣ) ತಿದ್ದುಪಡಿ ಆಫ್ ಆಗಿದ್ದರೆ ರಾಕ್ಷಸರು ಕುಳ್ಳಾಗಿ, ಅಗಲವಾಗಿ ಕಾಣುತ್ತಾರೆ. ಹಳೆಯ 17 ಇಂಚಿನ ಎಲ್‌ಸಿಡಿ ಚೌಕವಾಗಿ ಕಾಣುತ್ತದೆ ಅಂತ ಅದನ್ನು 4:3 ಅಂದುಕೊಳ್ಳಬೇಡಿ. 1280×1024 ಅಂದರೆ 5:4. ಸರಿಯಾದ ಚಿತ್ರ 1280×960 ಆಗುತ್ತದೆ, ಮೇಲೆ-ಕೆಳಗೆ 32 ಪಿಕ್ಸೆಲ್ ಕಪ್ಪು ಪಟ್ಟಿ ಉಳಿಯುತ್ತದೆ, ಉಳಿಯಲಿ ಬಿಡಿ. ಆಟ ಸೆಕೆಂಡಿಗೆ 35 ಟಿಕ್ (ಲೆಕ್ಕದ ಹೆಜ್ಜೆ) ಮಾತ್ರ ನಡೆಯುತ್ತದೆ. ಕಣ್ಣಿಗೆ ಜಗ್ಗಿದಂತೆ ಅನಿಸಿದರೆ ಚಾಕೊಲೇಟ್ ಡೂಮ್‌ನಿಂದಲೇ ಹುಟ್ಟಿದ ಕ್ರಿಸ್ಪಿ ಡೂಮ್ ಹಾಕಿ. ಅದು 640×400ರಲ್ಲಿ ನಡುವಿನ ಫ್ರೇಮ್‌ಗಳನ್ನು ತುಂಬುತ್ತದೆ, ಒಳಗಿನ ಲೆಕ್ಕ ಮುಟ್ಟುವುದಿಲ್ಲ. ಅಷ್ಟು ರಿಯಾಯಿತಿ ನಾನೂ ಕೊಡುತ್ತೇನೆ.

ಕೈ ಹಿಡಿತಕ್ಕೆ ಬರದೇ ಬಹಳ ಜನ ಬಿಟ್ಟುಬಿಡುವುದು ಮೌಸ್ ಹತ್ತಿರ. ಮೌಸ್ ಮುಂದೆ ತಳ್ಳಿದರೆ ಆಳು ಮುಂದೆ ನಡೆಯುತ್ತಾನೆ, ಹಳೆ ಆಟದ ಪದ್ಧತಿಯೇ ಹಾಗೆ. ಸೆಟಪ್‌ನಲ್ಲಿ ಮೌಸ್‌ನ ಮೇಲೆ-ಕೆಳಗಿನ ಚಲನೆಯ ಗುರುತು ತೆಗೆದುಬಿಡಿ. ಅಲ್ಲೇ ಆಕ್ಸಲರೇಷನ್ 2.0 ಇರುತ್ತದೆ, 1.0 ಮಾಡಿ. ಇಲ್ಲದಿದ್ದರೆ ಮೌಸ್ ಜೋರಾಗಿ ಎಳೆದಾಗ ಒಂದಷ್ಟು, ನಿಧಾನ ಎಳೆದಾಗ ಇನ್ನೊಂದಷ್ಟು ತಿರುಗಿ ಗುರಿ ತಪ್ಪುತ್ತದೆ. ಆಲ್‌ವೇಸ್ ರನ್ (ಸದಾ ಓಟ) ಹಚ್ಚಿಬಿಡಿ. ಅಗ್ಗದ ಕೀಬೋರ್ಡ್‌ಗಳಲ್ಲಿ ಬಾಣದ ಕೀ ಎರಡು, ಜೊತೆಗೆ ಕಂಟ್ರೋಲ್ ಒತ್ತಿದರೆ ಮೂರನೆಯದು ಕೆಲವೊಮ್ಮೆ ಹಿಡಿಯುವುದೇ ಇಲ್ಲ. ನಡಿಗೆಯನ್ನು ಡಬ್ಲ್ಯು, ಎ, ಎಸ್, ಡಿಗೆ ತಂದು ಗುಂಡನ್ನು ಮೌಸ್‌ಗೆ ಕೊಟ್ಟರೆ ಆ ಕಾಟ ಹೋಗುತ್ತದೆ. ಮುಂದಿನ ಕೀ ಜೊತೆ ಪಕ್ಕದ ಕೀ ಒಟ್ಟಿಗೆ ಒತ್ತಿ ಓರೆಯಾಗಿ ಓಡಿದರೆ ನೇರ ಓಟಕ್ಕಿಂತ 28% ವೇಗ. ಮುಂದಿನ ಓಟ 50, ಪಕ್ಕದ ಓಟ 40, ಎರಡೂ ಕೂಡಿ ಓರೆಯಲ್ಲಿ 64 ಆಗುತ್ತದೆ.

ಸಂಗೀತಕ್ಕೆ ಓಪಿಎಲ್ (ಹಳೆ ಸೌಂಡ್ ಕಾರ್ಡ್ ಚಿಪ್‌ನ ನಾದ) ಆರಿಸಿ. ಮಿಡಿ ಆರಿಸಿದರೆ ಲಿನಕ್ಸ್‌ನಲ್ಲಿ ಸೌಂಡ್‌ಫಾಂಟ್ (ವಾದ್ಯಗಳ ಸದ್ದಿನ ಫೈಲ್) ಬೇಕು, ಅದಿಲ್ಲದೆ ಗುಂಡಿನ ಸದ್ದು ಬರುತ್ತದೆ, ಹಾಡು ಬರುವುದಿಲ್ಲ.

ಇನ್ನು ಆಟ. ಕಷ್ಟದ ಮಟ್ಟ 4, ಅಂದರೆ ಅಲ್ಟ್ರಾ ವಯಲೆನ್ಸ್, ಅದೇ ಸರಿ. ಪ್ರತಿ ಹಂತವನ್ನೂ ಬರೀ ಪಿಸ್ತೂಲಿನಿಂದ ಶುರು ಮಾಡುವುದು ನನಗೆ ಇಷ್ಟ. ಆಟ ತೆರೆಯುವ ಸಾಲಿಗೆ -warp 1 3 -skill 4 ಅಂತ ಸೇರಿಸಿದರೆ ಮೊದಲ ಎಪಿಸೋಡಿನ ಮೂರನೇ ಹಂತ ನೇರ ತೆರೆಯುತ್ತದೆ. ಅದರಲ್ಲೇ ಗುಪ್ತ ಒಂಬತ್ತನೇ ಹಂತಕ್ಕೆ ದಾರಿ ಇದೆ.

ಲೆಕ್ಕ ಗೊತ್ತಿದ್ದರೆ ಗುಂಡು ಉಳಿಯುತ್ತದೆ. ಶಾಟ್‌ಗನ್ ಒಂದು ಸಲಕ್ಕೆ 7 ಚರೆ ಉಗುಳುತ್ತದೆ, ಒಂದೊಂದೂ ಕಳೆಯುವ ಜೀವ 5, 10 ಅಥವಾ 15. ಸರಾಸರಿ 70. ರಾಕ್ಷಸರಲ್ಲಿ ಕಂದು ಇಂಪ್‌ನ ಜೀವ 60, ಹತ್ತಿರದಿಂದ ಹೊಡೆದರೆ ಸಾಮಾನ್ಯವಾಗಿ ಒಂದೇ ಏಟು. ಗುಲಾಬಿ ಡೀಮನ್‌ಗೆ 150, ಎರಡು-ಮೂರು ಬೇಕು. ಬ್ಯಾರನ್‌ಗೆ 1000. ಚೈನ್‌ಗನ್ ಒತ್ತಿ ಹಿಡಿಯಬೇಡಿ. ಪ್ರತಿ ಒತ್ತಿಗೆ ಮೊದಲ ಎರಡು ಗುಂಡು ಮಾತ್ರ ನೇರ ಹೋಗುತ್ತವೆ, ಆಮೇಲಿನವು ಚದುರುತ್ತವೆ. ದೂರದವರಿಗೆ ಬಿಟ್ಟು ಬಿಟ್ಟು ಒತ್ತಿ.

ಮೊದಲ ಹಂತದಲ್ಲೇ, ಹಸಿರು ವಿಷದ ಮೇಲೆ ಅಂಕುಡೊಂಕು ದಾರಿ ಇರುವ ಕೋಣೆ ನೋಡಿ. ದೂರದ ಎತ್ತರದ ಕಟ್ಟೆ ಮೇಲಿಂದ ಇಂಪ್ ಬೆಂಕಿಯುಂಡೆ ಎಸೆಯುತ್ತದೆ. ಪಿಸ್ತೂಲಿನ ಮೂತಿ ಮೇಲೆತ್ತಲು ಬರುವುದಿಲ್ಲ, ಎತ್ತಬೇಕಾಗಿಯೂ ಇಲ್ಲ. ಎಡ-ಬಲದ ಗುರಿ ಸರಿಯಿದ್ದರೆ ಎತ್ತರವನ್ನು ಆಟವೇ ಹೊಂದಿಸುತ್ತದೆ. ಉಂಡೆ ಹೊರಟ ಮೇಲೆ ಪಕ್ಕಕ್ಕೆ ಒಂದು ಹೆಜ್ಜೆ ಸಾಕು, ಆದರೆ ದಾರಿ ಇಕ್ಕಟ್ಟು, ಎರಡನೇ ಹೆಜ್ಜೆಗೆ ವಿಷದಲ್ಲಿ ಬೀಳುತ್ತೀರಿ. ಇಡೀ ಡೂಮ್ ಈ ಒಂದು ಕೋಣೆಯಲ್ಲಿದೆ: ಎಲ್ಲಿ ಗುರಿ ಇಟ್ಟಿರಿ ಅನ್ನೋದಕ್ಕಿಂತ ಎಲ್ಲಿ ನಿಂತಿರಿ ಅನ್ನೋದು ಮುಖ್ಯ.

ರಾಕ್ಷಸರನ್ನು ತಮ್ಮತಮ್ಮಲ್ಲೇ ಜಗಳಕ್ಕೆ ಹಚ್ಚಬಹುದು. ಇಂಪ್‌ನ ಉಂಡೆ ಡೀಮನ್‌ಗೆ ತಗಲುವಂತೆ ನಡುವೆ ನಿಂತು ಸರಿದುಬಿಡಿ. ಇಂಪ್ ಉಂಡೆ ಇನ್ನೊಂದು ಇಂಪ್‌ಗೆ ನಾಟುವುದಿಲ್ಲ. ಬಂದೂಕಿನ ಸೈನಿಕರು ಮಾತ್ರ ತಮ್ಮ ಜಾತಿಯವರನ್ನೇ ಹೊಡೆದು ಹೊಡೆದಾಟಕ್ಕೆ ಇಳಿಯುತ್ತಾರೆ.

ಗೆಳೆಯರು ಕೂಡಿದರೆ ಒಂದು ಸ್ವಿಚ್‌ಗೆ ನಾಲ್ಕು ಸಿಪಿಯು ಹಚ್ಚಿ. ನಾಲ್ವರ ತನಕ ಆಡಬಹುದು. ನೆಟ್‌ವರ್ಕಿನ ಯುಡಿಪಿ 2342 ಪೋರ್ಟ್ ಫೈರ್‌ವಾಲ್‌ನಲ್ಲಿ ತೆರೆದಿರಬೇಕು, ಎಲ್ಲರದೂ ಒಂದೇ ವ್ಯಾಡ್ ಇರಬೇಕು. ಒಬ್ಬನದು ಬೇರೆ ಇದ್ದರೆ ಸೇರುವಾಗಲೇ ಎಚ್ಚರಿಕೆ ಬರುತ್ತದೆ, ಅದನ್ನು ದಾಟಿ ಶುರು ಮಾಡಿದರೆ ಪರದೆಗಳು ಒಂದಕ್ಕೊಂದು ತಾಳೆಯಾಗದೆ ಆಟ ಕೆಡುತ್ತದೆ. ಕೋ-ಆಪ್‌ನಲ್ಲಿ (ಒಂದೇ ಪಕ್ಷವಾಗಿ ಆಡುವಾಗ) ನಿಮ್ಮ ಗುಂಡು ಜೊತೆಗಾರನಿಗೂ ತಗಲುತ್ತದೆ. ಶಾಟ್‌ಗನ್ ಇದ್ದವನು ಮುಂದೆ ಹೋಗಲಿ. "ಲೇ ತಮ್ಮಾ, ಬೆನ್ನಿಗೆ ಹೊಡೀಬ್ಯಾಡೋ" ಅನ್ನೋ ಕೂಗು ಅದರಿಂದ ಅರ್ಧ ಕಡಿಮೆ ಆಗುತ್ತದೆ.