ಎರಕದ ಫಲಕಕ್ಕೆ ಡಿಸೈನ್ ಕೊಡುವ ಮುನ್ನ

ಎರಕದ ಫಲಕ ಮಾಡಿಸುವವರು ಲೋಹದ ಬಗ್ಗೆ ಬಹಳ ಯೋಚನೆ ಮಾಡುತ್ತಾರೆ. ಕಂಚೋ, ಹಿತ್ತಾಳೆಯೋ, ಅಲ್ಯೂಮಿನಿಯಮ್ಮೋ ಅಂತ ವಾರಗಟ್ಟಲೆ ಚರ್ಚೆ ನಡೆಯುತ್ತದೆ. ಡಿಸೈನ್ ವಿಷಯ ಬಂದಾಗ ಮಾತ್ರ ಹಳೆ ಬ್ಯಾನರಿಗೆ ಮಾಡಿಸಿದ್ದ ಫೈಲನ್ನೇ ಕಳಿಸಿ ಕೈ ತೊಳೆದುಕೊಳ್ಳುತ್ತಾರೆ. ಫಲಕ ಬಂದಾಗ ಒತ್ತಕ್ಷರ ಮುದ್ದೆ, ಲೋಗೋ ಒಂದು ಗಂಟು. ಬೈಗುಳವೆಲ್ಲ ಎರಕ ಹೊಯ್ಯುವ ಫೌಂಡ್ರಿಗೆ. ನಾನು ನೋಡಿದ ಮಟ್ಟಿಗೆ ಹೆಚ್ಚಿನ ಸಲ ತಪ್ಪು ಫೈಲಿನಲ್ಲೇ ಇರುತ್ತದೆ.

ಮೊದಲು ಕೆಲಸ ಹೇಗೆ ನಡೆಯುತ್ತದೆ ಅಂತ ತಿಳಿದುಕೊಳ್ಳಿ. ನಿಮ್ಮ ಡಿಸೈನಿನಿಂದ ಒಂದು ಉಬ್ಬು ಮಾದರಿ ಮಾಡುತ್ತಾರೆ, ಇದಕ್ಕೆ ಪ್ಯಾಟರ್ನ್ ಅನ್ನುತ್ತಾರೆ. ಅದರ ಮೇಲೆ ಮರಳು ಒತ್ತಿ, ಮಾದರಿಯನ್ನು ಹೊರಗೆಳೆದು, ಮರಳಿನಲ್ಲಿ ಉಳಿದ ಗುಳಿಗೆ ಕರಗಿದ ಲೋಹ ಸುರಿಯುತ್ತಾರೆ. ಅಂದರೆ ಉಬ್ಬು ಅಕ್ಷರ ಮರಳಿನಲ್ಲಿ ಹಳ್ಳವಾಗಿರುತ್ತದೆ, ಅಕ್ಷರದ ಒಳಗಿನ ಬಿಳಿ ಜಾಗ ಮರಳಿನ ಒಂದು ಪುಟ್ಟ ಕಂಬವಾಗಿ ನಿಂತಿರುತ್ತದೆ. ಆ ಕಂಬ ತೀರಾ ಸಣ್ಣದಾದರೆ ಮಾದರಿ ಎಳೆಯುವಾಗಲೋ ಲೋಹ ನುಗ್ಗುವಾಗಲೋ ಮುರಿಯುತ್ತದೆ. ಆ ಜಾಗಕ್ಕೂ ಲೋಹ ತುಂಬುತ್ತದೆ, ಕಿತ್ತು ಬಂದ ಮರಳು ಇನ್ನೆಲ್ಲೋ ಸೇರಿ ಅಲ್ಲೊಂದು ಗುಂಡಿ ಮಾಡುತ್ತದೆ. ಹಾಗಾಗಿ ಡಿಸೈನ್ ನೋಡುವಾಗ ಕಪ್ಪು ಗೆರೆಗಿಂತ ಜಾಸ್ತಿ ಬಿಳಿ ಸಂದುಗಳನ್ನು ನೋಡಿ.

ಅಳತೆ

ಫೈಲನ್ನು ಫಲಕದ ನಿಜವಾದ ಅಳತೆಯಲ್ಲೇ, ಮಿಲಿಮೀಟರಿನಲ್ಲಿ ಮಾಡಿ. ಲೋಹ ತಣಿದಾಗ ಕುಗ್ಗುತ್ತದೆ, ಅಲ್ಯೂಮಿನಿಯಂ ಸುಮಾರು ಶೇ. 1.3ರಷ್ಟು, ಕಂಚು ಅದಕ್ಕಿಂತ ತುಸು ಹೆಚ್ಚು. 600 ಮಿ.ಮೀ. ಅಗಲದ ಅಲ್ಯೂಮಿನಿಯಂ ಫಲಕದಲ್ಲಿ ಅದು 8 ಮಿ.ಮೀ. ಹತ್ತಿರ ಆಯಿತು. ಆದರೆ ನೀವೇ ದೊಡ್ಡದು ಮಾಡಿ ಕಳಿಸಬೇಡಿ. ಆ ಲೆಕ್ಕ ಪ್ಯಾಟರ್ನ್ ಮಾಡುವವರು ಹಾಕುತ್ತಾರೆ, ಇಬ್ಬರೂ ಹಾಕಿದರೆ ಫಲಕ ಗೋಡೆಯ ಜಾಗಕ್ಕೆ ಕೂರುವುದಿಲ್ಲ. ರಬ್ಬರ್ ಸ್ಟ್ಯಾಂಪಿನ ನೆನಪಲ್ಲಿ ಕನ್ನಡಿ ಬಿಂಬದಂತೆ ತಿರುಗಿಸಿ ಕಳಿಸುವುದೂ ಬೇಡ.

ಕಪ್ಪು, ಬಿಳಿ ಅಷ್ಟೇ

ಕಪ್ಪು ಅಂದರೆ ಉಬ್ಬು, ಬಿಳಿ ಅಂದರೆ ತಳ. ಬೂದು ಬಣ್ಣ, ನೆರಳು, ಒಂದು ಬಣ್ಣ ಇನ್ನೊಂದಕ್ಕೆ ಕರಗುವ ಶೇಡ್ ಇವೆಲ್ಲ ತೆಗೆಯಿರಿ.

ಅಕ್ಷರ: ಎಲ್ಲರೂ ಎಡವುವ ಜಾಗ

ಮರಳಿನಿಂದ ಮಾದರಿ ಸಲೀಸಾಗಿ ಹೊರಬರಬೇಕಾದರೆ ಅಕ್ಷರದ ಪಕ್ಕೆಗಳು ನೆಟ್ಟಗೆ ಇರಬಾರದು, ಮಕ್ಕಳು ಮರಳಾಟಕ್ಕೆ ಬಳಸುವ ಬಕೆಟ್ಟಿನ ಹಾಗೆ ಸ್ವಲ್ಪ ಇಳಿಜಾರಿರಬೇಕು. ಇದನ್ನು ಡ್ರಾಫ್ಟ್ ಅನ್ನುತ್ತಾರೆ. ಇದರಿಂದ ಅಕ್ಷರದ ಬುಡ ಅದರ ಮುಖಕ್ಕಿಂತ ದಪ್ಪವಾಗುತ್ತದೆ. ಲೆಕ್ಕ ಹಾಕಿ ನೋಡಿ: ಉಬ್ಬು 3 ಮಿ.ಮೀ., ಇಳಿಜಾರು 10 ಡಿಗ್ರಿ ಇದ್ದರೆ ಪ್ರತಿ ಬದಿಗೂ ಬುಡ ಅರ್ಧ ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ ಹರಡುತ್ತದೆ. ಎರಡು ಗೆರೆಗಳ ನಡುವೆ ನೀವು ಬಿಟ್ಟ 1 ಮಿ.ಮೀ. ಸಂದು ಬುಡದಲ್ಲಿ ಪೂರ್ತಿ ಮುಚ್ಚಿಹೋಗುತ್ತದೆ. ಪರದೆಯ ಮೇಲೆ ಚೆನ್ನಾಗಿ ಕಂಡದ್ದು ಲೋಹದಲ್ಲಿ ಯಾಕೆ ಮುದ್ದೆಯಾಯಿತು ಅನ್ನುವುದಕ್ಕೆ ಉತ್ತರ ಇಲ್ಲಿದೆ.

ಕನ್ನಡ ಅಕ್ಷರಗಳಿಗೆ ಈ ತೊಂದರೆ ಇನ್ನೂ ಜಾಸ್ತಿ, ಯಾಕೆಂದರೆ ನಮ್ಮ ಅಕ್ಷರಗಳ ಜೀವ ಇರುವುದೇ ಸಣ್ಣ ಸಣ್ಣ ಸಂದುಗಳಲ್ಲಿ. ಧ ಬರೆಯಲು ಹೊಟ್ಟೆ ಸೀಳುತ್ತೇವಲ್ಲ, ಆ ಗೆರೆಯ ಅಕ್ಕಪಕ್ಕದ ಸಂದು ತುಂಬಿಕೊಂಡರೆ ಧ ಹೋಗಿ ದ ಆಗುತ್ತದೆ, ಸುಧಾ ಹೋಗಿ ಸುದಾ ಆಗುತ್ತದೆ. ಠ ಮಧ್ಯದ ಚುಕ್ಕಿ ಸುತ್ತಲಿನ ಗೆರೆಗೆ ಅಂಟಿಕೊಳ್ಳುತ್ತದೆ. ಣ ಒಳಗಿನ ಸುರುಳಿ ಮುಚ್ಚಿಹೋಗುತ್ತದೆ. ಒತ್ತಕ್ಷರಗಳಂತೂ ಮೂಲ ಅಕ್ಷರಕ್ಕಿಂತ ಸಣ್ಣವು, ಮೊದಲು ಕೆಡುವುದು ಅವೇ.

ನನ್ನ ಸಲಹೆ ಇಷ್ಟು. ಮೂಲ ಅಕ್ಷರದ ಎತ್ತರ 10 ಮಿ.ಮೀ.ಗಿಂತ ಕಡಿಮೆ ಬೇಡ. ಸಾಫ್ಟ್‌ವೇರ್ ತೋರಿಸುವ ಫಾಂಟಿನ ಪಾಯಿಂಟ್ ಲೆಕ್ಕ ನಂಬಬೇಡಿ, ‘ಗ’ ಅಕ್ಷರವನ್ನು ಸ್ಕೇಲ್ ಇಟ್ಟು ಅಳೆಯಿರಿ. ಅತಿ ತೆಳು ಗೆರೆ 1.5 ಮಿ.ಮೀ. ಇರಲಿ, ಅತಿ ಸಣ್ಣ ಬಿಳಿ ಸಂದೂ 1.5 ಮಿ.ಮೀ. ಇರಲಿ. ಫಾಂಟ್ ಒಂದೇ ದಪ್ಪದ ಗೆರೆಯದ್ದು ಆಗಿರಲಿ. ಬ್ರಷ್‌ನಲ್ಲಿ ಬರೆದಂತೆ ದಪ್ಪ-ತೆಳು ಆಡುವ ಫಾಂಟ್ ಕಾಗದಕ್ಕೆ ಚೆಂದ, ಎರಕಕ್ಕೆ ಆಗದು. ತೀರಾ ದಪ್ಪದ ಫಾಂಟೂ ಬೇಡ, ಅದರಲ್ಲಿ ಒಳಗಿನ ಸಂದೇ ಇರುವುದಿಲ್ಲ. ಜಾಗ ಸಾಲುತ್ತಿಲ್ಲ ಅಂದರೆ ಅಕ್ಷರ ಸಣ್ಣ ಮಾಡಬೇಡಿ, ಪದ ಕಡಿಮೆ ಮಾಡಿ. ಸಮಿತಿಯ ಎಲ್ಲರ ಹೆಸರೂ, ಬಿರುದೂ ಒಂದೇ ಫಲಕದಲ್ಲಿ ತುರುಕಿದರೆ ಯಾರ ಹೆಸರೂ ಓದಲು ಸಿಗುವುದಿಲ್ಲ.

ಸಾಲುಗಳ ನಡುವಿನ ಅಂತರವನ್ನು ಸಾಫ್ಟ್‌ವೇರಿಗೆ ಬಿಡಬೇಡಿ. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅವೆರಡರ ಮಧ್ಯೆ 3 ಮಿ.ಮೀ. ಆದರೂ ಬಿಡಿ.

ಈಗ ಒಂದು ಪರೀಕ್ಷೆ. ಇದನ್ನು ಮಾತ್ರ ತಪ್ಪಿಸಬೇಡಿ. ಫೈಲಿನ ಒಂದು ನಕಲು ಮಾಡಿ, ಎಲ್ಲ ಅಕ್ಷರಗಳಿಗೂ 1 ಮಿ.ಮೀ. ಕಪ್ಪು ಔಟ್‌ಲೈನ್ ಕೊಡಿ. ಅದರಲ್ಲಿ ಅರ್ಧ ಒಳಗೆ, ಅರ್ಧ ಹೊರಗೆ ಹೋಗುತ್ತದೆ, ಹೆಚ್ಚೂಕಡಿಮೆ ಬುಡ ಹರಡಿದಷ್ಟೇ. ನಿಜವಾದ ಅಳತೆಯಲ್ಲಿ ಪ್ರಿಂಟ್ ತೆಗೆದು ನೋಡಿ. ಧ ಇನ್ನೂ ಧ ಆಗಿಯೇ ಇದ್ದರೆ ಸರಿ. ಸಂದು ಮುಚ್ಚಿದ್ದರೆ ಫಾಂಟ್ ಬದಲಿಸಿ ಇಲ್ಲವೇ ಅಕ್ಷರ ದೊಡ್ಡದು ಮಾಡಿ. ನೋಡಿದ ಮೇಲೆ ನಕಲನ್ನು ಅಳಿಸಿಬಿಡಿ, ಅದೇ ಫೈಲ್ ಫೌಂಡ್ರಿಗೆ ಹೋಗಬಾರದು.

ಕರ್ವ್ಸ್ ಮಾಡುವುದು

ಮೊದಲು ಕಾಗುಣಿತ ನೋಡಿ, ಆಮೇಲೆ ಕರ್ವ್ಸ್ ಮಾಡಿ, ಅಂದರೆ ಅಕ್ಷರಗಳನ್ನು ಫಾಂಟಿನ ಹಂಗಿಲ್ಲದ ಗೆರೆಗಳಾಗಿ ಬದಲಿಸಿ. ಕರ್ವ್ಸ್ ಆದ ಮೇಲೆ ಅದು ಬರಹವಲ್ಲ, ಚಿತ್ರ, ತಿದ್ದಲು ಆಗುವುದಿಲ್ಲ. ಆದರೆ ಮಾಡಲೇಬೇಕು. ‘ನುಡಿ’, ‘ಬರಹ’ ಸಾಫ್ಟ್‌ವೇರುಗಳ ಹಳೆ ಫಾಂಟುಗಳಲ್ಲಿ ಮಾಡಿದ ಫೈಲ್ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಯೂನಿಕೋಡ್ ಆದರೆ ಕೆಲವು ಹಳೆ ಡಿಸೈನ್ ಸಾಫ್ಟ್‌ವೇರುಗಳಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ಒಡೆಯುತ್ತದೆ.

ಕರ್ವ್ಸ್ ಆದ ಕೂಡಲೇ ಅಕ್ಷರಗಳನ್ನು ಹಿಗ್ಗಿಸಿ ನೋಡಿ. ಕನ್ನಡದಲ್ಲಿ ಕೊಂಬು, ದೀರ್ಘ, ಒತ್ತು ಎಷ್ಟೋ ಸಲ ಬೇರೆ ಬೇರೆ ತುಂಡುಗಳಾಗಿ ಒಂದರ ಮೇಲೊಂದು ಕೂತಿರುತ್ತವೆ. ಕೋರೆಲ್‌ಡ್ರಾದಲ್ಲಿ ಅವನ್ನು ‘ಕಂಬೈನ್’ ಮಾಡಿದರೆ ಒಂದರ ಮೇಲೊಂದು ಬಂದ ಜಾಗ ಬಿಳಿ ತೂತಾಗುತ್ತದೆ. ‘ವೆಲ್ಡ್’ ಮಾಡಬೇಕು. ಇಲ್ಲಸ್ಟ್ರೇಟರಿನಲ್ಲಿ ‘ಯುನೈಟ್’, ಇಂಕ್‌ಸ್ಕೇಪಿನಲ್ಲಿ ‘ಯೂನಿಯನ್’. ತೂತು ಕಣ್ಣಿಗೆ ಬೀಳದಷ್ಟು ಸಣ್ಣದಿದ್ದರೂ ಪ್ಯಾಟರ್ನ್ ಕೊರೆಯುವ ಯಂತ್ರ ಅದನ್ನು ಬಿಡುವುದಿಲ್ಲ.

ಲೋಗೋ, ಫೋಟೋ

ವೆಬ್‌ಸೈಟಿನಿಂದ ಇಳಿಸಿದ ಲೋಗೋ ನಡೆಯುವುದಿಲ್ಲ. ಸಂಸ್ಥೆಯವರ ಹತ್ತಿರವೇ ಒಂದೇ ಬಣ್ಣದ ವೆಕ್ಟರ್ ಫೈಲ್, ಅಂದರೆ ಎಷ್ಟು ಹಿಗ್ಗಿಸಿದರೂ ಒಡೆಯದ ಗೆರೆಗಳ ಫೈಲ್ ಕೇಳಿ. ಇಲ್ಲ ಅಂದರೆ ಕೈಯಲ್ಲೇ ಮತ್ತೆ ಬಿಡಿಸಿ. ಚಿತ್ರ ನೋಡಿ ಸಾಫ್ಟ್‌ವೇರ್ ತಾನೇ ಗೆರೆ ಎಳೆಯುವ ಆಟೋ ಟ್ರೇಸ್ ಕೊಡುವ ಗೆರೆಗಳ ಅಂಚು ಅಲುಗಾಡಿದಂತೆ ಇರುತ್ತದೆ, ಲೋಹದಲ್ಲಿ ಬೆಳಕು ಬಿದ್ದಾಗ ಅದು ಎದ್ದು ಕಾಣುತ್ತದೆ. ಚಿತ್ರವನ್ನು ವೆಕ್ಟರ್ ಮಾಡಿಕೊಡುತ್ತೇವೆ ಅನ್ನುವ ಕೆಲವು ಆನ್‌ಲೈನ್ ತಾಣಗಳು ಅದೇ ಜೆಪೆಗ್ ಚಿತ್ರವನ್ನು ಪಿಡಿಎಫ್ ಒಳಗೆ ಕೂರಿಸಿ ವಾಪಸ್ ಕೊಡುತ್ತವೆ. ಹಿಗ್ಗಿಸಿದಾಗ ಚೌಕ ಚೌಕ ಕಂಡರೆ ಅದು ವೆಕ್ಟರ್ ಅಲ್ಲ.

ಮುಖದ ಫೋಟೋ ಬೇಕಿದ್ದರೆ ಅದನ್ನು ಉಬ್ಬುಶಿಲ್ಪವಾಗಿ ಕೆತ್ತಿಸಬೇಕು. ಅದು ಬೇರೆಯೇ ಕೆಲಸ, ಬೇರೆಯೇ ಖರ್ಚು. ಲೋಗೋದಲ್ಲಿ ಎರಡು ಮೂರು ಬಣ್ಣ ತುಂಬಿಸುವುದಿದ್ದರೆ ಬಣ್ಣಗಳ ನಡುವೆ ಒಂದು ಉಬ್ಬು ಗೆರೆ ಬಿಡಿ, ಬಣ್ಣ ಒಂದಕ್ಕೊಂದು ಹರಿಯದಂತೆ ಅದು ತಡೆಯುತ್ತದೆ.

ಅಂಚು, ತೂತು

ಅಂಚಿನ ಪಟ್ಟಿಗೂ ಅಕ್ಷರಕ್ಕೂ ಧಾರಾಳ ಜಾಗ ಬಿಡಿ. ಸ್ಕ್ರೂ ಎಲ್ಲಿ ಬರುತ್ತದೆ ಅಂತ ಡಿಸೈನಿನಲ್ಲೇ ಗುರುತು ಹಾಕಿ, ಇಲ್ಲದಿದ್ದರೆ ಯಾರದೋ ಇನಿಷಿಯಲ್ ಮೇಲೆ ತೂತು ಬೀಳುತ್ತದೆ.

ಕೊನೆಯ ಓದು

ಎರಕ ಆದ ಮೇಲೆ ತಿದ್ದಲು ಬರುವುದಿಲ್ಲ. ಒಂದಕ್ಷರ ಉಜ್ಜಿ ತೆಗೆದರೆ ತಳದ ತರಿತರಿ ಹೋಗಿ ಕಲೆ ಉಳಿಯುತ್ತದೆ. ಡಿಸೈನ್ ಮಾಡದವರೊಬ್ಬರ ಕೈಗೆ ಪ್ರಿಂಟ್ ಕೊಟ್ಟು ಜೋರಾಗಿ ಓದಿಸಿ. ಹೆಸರು, ಇಸವಿ, ತಾರೀಖುಗಳನ್ನು ಮೂಲ ದಾಖಲೆ ಪಕ್ಕದಲ್ಲಿಟ್ಟುಕೊಂಡು ನೋಡಿ. ಆ ಪ್ರಿಂಟನ್ನು ಫಲಕ ಬರುವ ಜಾಗದಲ್ಲೇ ಅಂಟಿಸಿ, ಜನ ನಿಂತು ಓದುವಷ್ಟು ದೂರದಿಂದ ಓದಿ ನೋಡಿ.

ಫೈಲನ್ನು ಮೇಲ್‌ನಲ್ಲಿ ಕಳಿಸಿ. ವಾಟ್ಸಾಪ್ ಆದರೆ ಫೋಟೋ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಿ. ಜೊತೆಗೆ ಫಲಕದ ಅಳತೆ, ‘ಕಪ್ಪು ಭಾಗ ಉಬ್ಬು’ ಅನ್ನುವ ಮಾತು, ತಳದ ಬಣ್ಣ ಇಷ್ಟನ್ನು ಬರೆದು ಹಾಕಿ. ಫೌಂಡ್ರಿಯವರು ಪ್ಯಾಟರ್ನ್ ಕೊರೆಯುವ ಮುಂಚೆ ತಮ್ಮ ಕಡೆಯಿಂದ ಒಂದು ಪ್ರೂಫ್ ಕಳಿಸಲಿ ಅಂತ ಕೇಳಿ. ಅದು ಬಂದಾಗ ಮೊದಲಿಂದ ಮತ್ತೆ ಪೂರ್ತಿ ಓದಿ, ಆಮೇಲೆ ಒಪ್ಪಿಗೆ ಕೊಡಿ.