ಫ್ಯಾನ್ ಆರಿಸಿ, ಕೌದಿ ಕಟ್ಟಿ: ಮೊಬೈಲಿನಲ್ಲಿ ಸಿನಿಮಾ ಮಾಡುವ ಕ್ರಮ

ಗಂಗಾವತಿ ಹತ್ತಿರದ ಹಳ್ಳಿಯೊಂದರಲ್ಲಿ ನಾವು ಮೊದಲ ಕಿರುಚಿತ್ರ ತೆಗೆದಾಗ ಗಮನವೆಲ್ಲ ಕ್ಯಾಮೆರಾದ ಮೇಲಿತ್ತು. ಮದುವೆ ವಿಡಿಯೊ ತೆಗೆಯುವ ಗೆಳೆಯನ ಕ್ಯಾಮೆರಾ, ಬಾಡಿಗೆಗೆ ತಂದ ಲೆನ್ಸು, ಎರಡು ಲೈಟು. ಮೈಕು ಮಾತ್ರ ಕ್ಯಾಮೆರಾದೊಳಗೆ ಇದ್ದದ್ದೇ. ಅಜ್ಜಿಯ ಪಾತ್ರಕ್ಕೆ ಓಣಿಯ ಹಿರಿಯಾಕೆಯೊಬ್ಬರು ಬಂದಿದ್ದರು. ಮೊಮ್ಮಗ ದುಡಿಯಲು ಬೆಂಗಳೂರಿಗೆ ಹೊರಟು ನಿಂತಾಗ ಆಡುವ ಮಾತನ್ನು ಅವರು ಒಂದೇ ಟೇಕಿನಲ್ಲಿ ಆಡಿದರು. ನಿಂತು ನೋಡುತ್ತಿದ್ದವರೆಲ್ಲ ಕಣ್ಣೊರೆಸಿಕೊಂಡರು. ರಾತ್ರಿ ಕಂಪ್ಯೂಟರಿಗೆ ಹಾಕಿದರೆ ಅಜ್ಜಿಯ ದನಿಯ ಮೇಲೆ ಫ್ಯಾನಿನ ಗರಗರ, ಅದರ ಮೇಲೆ ಫ್ರಿಜ್ಜಿನ ಗುಂಯ್‌ಗುಡುವಿಕೆ. ಡಬ್ಬಿಂಗ್ ಮಾಡಿಸೋಣವೆಂದು ಕರೆದುಕೊಂಡು ಹೋದೆವು. ಹೆಡ್‌ಫೋನ್ ಹಾಕಿಕೊಂಡು ಮೈಕಿನ ಮುಂದೆ ನಿಂತ ಅಜ್ಜಿ, "ಎದುರಿಗೆ ಯಾರೂ ಇಲ್ಲಲ್ಲೋ ಯಪ್ಪಾ, ಯಾರ ಕೂಡ ಮಾತಾಡ್ಲಿ?" ಎಂದರು. ಎಷ್ಟು ಸಲ ಹೇಳಿಸಿದರೂ ಆ ಮೊದಲಿನ ಮಾತು ಮತ್ತೆ ಬರಲಿಲ್ಲ.

ಅಂದಿನಿಂದ ನಾನು ಸಿನಿಮಾದ ಪ್ರತಿ ಹೆಜ್ಜೆಯನ್ನೂ ಕಿವಿಯಿಂದ ಶುರು ಮಾಡುತ್ತೇನೆ. ಚಿತ್ರ ತೆಗೆಯುವುದು ಈಗ ಅಗ್ಗವಾಗಿದೆ. 35 ಎಂಎಂ ಫಿಲ್ಮಿನ ಕಾಲದಲ್ಲಿ 1000 ಅಡಿಯ ಒಂದು ಡಬ್ಬಿ ಸುಮಾರು 11 ನಿಮಿಷಕ್ಕೆ ಮುಗಿಯುತ್ತಿತ್ತು. ಆಮೇಲೆ ಅದನ್ನು ಲ್ಯಾಬಿಗೆ ಕಳಿಸಿ, ತೊಳೆಸಿ, ಪ್ರಿಂಟ್ ಹಾಕಿಸಬೇಕು. 1995ರಲ್ಲಿ ಮಿನಿ ಡಿವಿ ಕ್ಯಾಸೆಟ್ಟು ಬಂದು, ಅಂಗೈಯಗಲದ ಕ್ಯಾಮೆರಾದಲ್ಲಿ 60 ನಿಮಿಷ ಹಿಡಿಯುವಂತಾಯಿತು. 2008ರ ಹೊತ್ತಿಗೆ ಫೋಟೊ ಕ್ಯಾಮೆರಾಗಳೇ ಒಳ್ಳೆಯ ವಿಡಿಯೊ ಕೊಡತೊಡಗಿದವು. ಈಗ ಕಿಸೆಯಲ್ಲಿರುವ ಫೋನು 4ಕೆ ಎಂಬ ಅತಿ ಸ್ಪಷ್ಟ ವಿಡಿಯೊ ತೆಗೆಯುತ್ತದೆ. ಆದರೆ ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿಯ ಮಾತನ್ನು ಅದು ಇರುವ ಹಾಗೇ ಹಿಡಿಯುವುದು ತಾನಾಗಿ ಆಗುವ ಕೆಲಸವಲ್ಲ. ಸಿನಿಮಾಗಳಲ್ಲಿ ಈ ಭಾಗದ ಮಾತು ಬಹುಮಟ್ಟಿಗೆ ನಗಿಸಲಿಕ್ಕೇ ಬಳಕೆಯಾಗಿದೆ. ಅಳುವ, ಸಿಟ್ಟಾಗುವ, ಸುಮ್ಮನೆ ಕೂತು ನೆನಪು ಮಾಡಿಕೊಳ್ಳುವ ನಮ್ಮ ಮಾತನ್ನು ನಾವೇ ದಾಖಲಿಸಬೇಕು.

ಕಥೆಯನ್ನು ಕೇಳಿ ಬರೆಯಿರಿ

ಮೊದಲ ಚಿತ್ರ 10–12 ನಿಮಿಷದ್ದಾಗಿರಲಿ. ಎರಡು ಜಾಗ, ಮೂರು ಜನ ಸಾಕು. ಸಂಭಾಷಣೆಯನ್ನು ಮೇಜಿನ ಮುಂದೆ ಕೂತು ಬರೆಯುವ ಮೊದಲು ಪಾತ್ರ ಮಾಡುವವರ ಜೊತೆ ಒಂದು ಸಂಜೆ ಕಟ್ಟೆಯ ಮೇಲೆ ಕೂತು ಹರಟೆ ಹೊಡೆಯಿರಿ. ಅವರ ಒಪ್ಪಿಗೆ ಪಡೆದು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ನಾನು "ಯಾಕೆ ಇಷ್ಟು ತಡವಾಯಿತು?" ಎಂದು ಬರೆದಿದ್ದ ಕಡೆ ಒಬ್ಬ ತಾಯಿ, "ರೊಟ್ಟಿ ಆರಿ ಹೋತು ನೋಡು" ಎಂದರು. ಪ್ರಶ್ನೆಯೂ ಅದರಲ್ಲಿದೆ, ಸಿಟ್ಟೂ ಅಕ್ಕರೆಯೂ ಇದೆ. ಹೀಗಾಗಿ ನಾನು ಈಗ ದೃಶ್ಯದಲ್ಲಿ ಏನಾಗಬೇಕು ಎಂಬುದನ್ನಷ್ಟೇ ಬರೆದು, ಮಾತನ್ನು ಆಡುವವರಿಗೇ ಬಿಡುತ್ತೇನೆ. ರಾಯಚೂರಿನ ಮಾತಿನಲ್ಲಿ ಉರ್ದು ಬೆರೆತಿದೆ, ಬಳ್ಳಾರಿಯಲ್ಲಿ ತೆಲುಗು ನೆರಳಿದೆ, ಕೊಪ್ಪಳದ ಮಾತು ಗದಗ, ಧಾರವಾಡದ ಕಡೆ ವಾಲುತ್ತದೆ. ಒಂದೇ ಮನೆಯ ಮೂರು ಪಾತ್ರಗಳಿಗೆ ಮೂರು ಊರಿನವರನ್ನು ಹಾಕಿದರೆ ಇಲ್ಲಿನ ಪ್ರೇಕ್ಷಕರು ಮೊದಲ ನಿಮಿಷಕ್ಕೇ ಹಿಡಿದುಬಿಡುತ್ತಾರೆ.

ದೊಡ್ಡಾಟ, ಕಂಪನಿ ನಾಟಕಗಳಲ್ಲಿ ಪಳಗಿದವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಹೆಸರಾಂತ ರಂಗನಟ ಬಳ್ಳಾರಿ ರಾಘವರ (1880–1946) ನೆಲ ಇದು. ಆದರೆ ಅವರ ದನಿ ಕೊನೆಯ ಸಾಲಿನವರಿಗೆ ಮುಟ್ಟಲೆಂದು ರೂಢಿಯಾದದ್ದು. "ದನಿ ಕಡಿಮೆ ಮಾಡ್ರಿ" ಎಂದರೆ ಜೀವವೂ ಕಡಿಮೆಯಾಗುತ್ತದೆ. "ಈಕಿಗೆ ಮಾತ್ರ ಕೇಳಬೇಕ್ರಿ, ಆಚೆ ಮನಿಯವರಿಗೆ ಕೇಳಬಾರದು" ಎಂದು ಹೇಳಿ ನೋಡಿ. ಅದು ಅವರಿಗೆ ತಟ್ಟನೆ ಹೊಳೆಯುತ್ತದೆ.

ಜಾಗವನ್ನು ಕಣ್ಣು ಮುಚ್ಚಿ ನೋಡಿ

ಚೆಂದ ಕಂಡ ಜಾಗದಲ್ಲಿ ಕಣ್ಣು ಮುಚ್ಚಿ ಹತ್ತು ನಿಮಿಷ ಕೂರಿ. ಗಂಗಾವತಿ, ಕಾರಟಗಿ, ಸಿಂಧನೂರಿನಲ್ಲಿ ಅಕ್ಕಿ ಗಿರಣಿ, ಗಿಣಿಗೇರಾ, ತೋರಣಗಲ್ಲಿನ ಕಡೆ ಲಾರಿ, ಬಳ್ಳಾರಿಯ ಕೆಲವು ಓಣಿಗಳಲ್ಲಿ ಜೀನ್ಸ್ ಹೊಲಿಯುವ ಮಷಿನ್ನು. ಶೂಟಿಂಗ್ ಮಾಡುವ ಹೊತ್ತಿಗೇ ಹೋಗಿ ಕೇಳಬೇಕು. ಭಾನುವಾರ ಮಧ್ಯಾಹ್ನ ಶಾಂತವಾಗಿದ್ದ ಜಾಗ ಸೋಮವಾರ ಬೆಳಿಗ್ಗೆ ಬೇರೆಯೇ ಆಗಿರುತ್ತದೆ. ಹಳ್ಳಿಯಾದರೆ ಲೈನ್‌ಮನ್ ಅಣ್ಣನನ್ನು ತಪ್ಪದೇ ವಿಚಾರಿಸಿ. ತ್ರೀ ಫೇಸ್ ಕರೆಂಟು ಬರುವ ಹೊತ್ತಿಗೆ ಹಿಟ್ಟಿನ ಗಿರಣಿ, ಪಂಪ್‌ಸೆಟ್ಟು ಎಲ್ಲ ಒಟ್ಟಿಗೆ ಶುರುವಾಗುತ್ತವೆ. ಕರೆಂಟು ಹೋದ ಹೊತ್ತೇ ನಮಗೆ ಚಿನ್ನದ ಹೊತ್ತು. ಗುಡಿಯ ಮೈಕು ಎಷ್ಟು ಗಂಟೆಗೆ, ಊರಲ್ಲಿ ಮದುವೆ ಯಾವತ್ತು, ಜಾತ್ರೆ ಯಾವಾಗ ಎಂಬುದನ್ನೂ ಬರೆದಿಟ್ಟುಕೊಳ್ಳಿ. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಯ ಆಸುಪಾಸು ಆ ಊರಿನಲ್ಲಿ ಮೆಲುಮಾತಿನ ದೃಶ್ಯ ಇಟ್ಟುಕೊಳ್ಳಬೇಡಿ.

ಮನೆಯ ಆಯ್ಕೆಯಲ್ಲಿ ನನ್ನ ಓಟು ಹಳೆಯ ಮಾಳಿಗೆ ಮನೆಗೆ. ದಪ್ಪ ಮಣ್ಣಿನ ಗೋಡೆ, ಮಾಳಿಗೆಯ ಮೇಲೆ ಹಾಕಿದ ಮಣ್ಣಿನ ಮೇಲ್ಮುದ್ದೆ ದನಿಯನ್ನು ಹೀರಿಕೊಳ್ಳುತ್ತವೆ. ಮಾತು ಹತ್ತಿರದಿಂದ, ತುಂಬಿಕೊಂಡು ಕೇಳುತ್ತದೆ. ಹೊರಗಿನ ಗದ್ದಲವೂ ಅಷ್ಟಾಗಿ ಒಳಗೆ ಬರುವುದಿಲ್ಲ. ಟೈಲ್ಸ್ ಹಾಕಿದ ಆರ್‌ಸಿಸಿ ಮನೆಯಲ್ಲಿ ಪ್ರತಿ ಮಾತೂ ಗೋಡೆಗೆ ಬಡಿದು ವಾಪಸು ಬರುತ್ತದೆ. ಅಲ್ಲೇ ತೆಗೆಯಬೇಕೆಂದರೆ ಊರಿನ ಕೌದಿಗಳನ್ನೆಲ್ಲ ಕೂಡಿಸಿ. ಹಳೆ ಸೀರೆ, ಧೋತರಗಳನ್ನು ಪದರ ಪದರ ಹೊಲಿದ ಕೌದಿ ಪ್ರತಿಧ್ವನಿ ತಗ್ಗಿಸಲಿಕ್ಕೆ ಹೇಳಿ ಮಾಡಿಸಿದ ಹಾಗಿದೆ. ಕ್ಯಾಮೆರಾಕ್ಕೆ ಕಾಣದ ಎರಡು ಗೋಡೆಗೆ ಹಗ್ಗ ಕಟ್ಟಿ ನೇತುಹಾಕಿ, ಕ್ಯಾಮೆರಾದ ಹಿಂದೆ ನೆಲಕ್ಕೊಂದು ಹಾಸಿ. ಹಾಕುವ ಮೊದಲೊಮ್ಮೆ, ಹಾಕಿದ ಮೇಲೊಮ್ಮೆ ಚಪ್ಪಾಳೆ ತಟ್ಟಿ ಕೇಳಿದರೆ ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ. ತಗಡಿನ ಮನೆಯಲ್ಲಿ ಮಾತ್ರ ಏನು ಮಾಡಿದರೂ ಕಷ್ಟ.

ಶೂಟಿಂಗಿಗೆ ಡಿಸೆಂಬರ್, ಜನವರಿ ಒಳ್ಳೆಯದು. ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ. ಫ್ಯಾನ್ ಆರಿಸಿದ ಕೋಣೆಯಲ್ಲಿ ವಯಸ್ಸಾದವರನ್ನು ಕೂರಿಸಿ ಹತ್ತು ಟೇಕ್ ಮಾಡಿಸುವುದು ಸರಿಯಲ್ಲ. ಫೋನೂ ಆ ಕಾವಿಗೆ ತಾಳದೆ ನಡುವೆಯೇ ನಿಂತುಹೋಗುತ್ತದೆ. ಬೇಸಿಗೆಯಲ್ಲೇ ಆಗಬೇಕಾದರೆ ಬೆಳಿಗ್ಗೆ ಆರರಿಂದ ಒಂಬತ್ತರೊಳಗೆ ಮುಗಿಸಿ, ಟೇಕುಗಳ ನಡುವೆ ಫ್ಯಾನ್ ಹಾಕಿ, ಫೋನಿನ ಹಿಂದಿನ ಕವರು ತೆಗೆದು ನೆರಳಲ್ಲಿಡಿ.

ಎರಡು ಫೋನು, ಒಂದು ಕಾಲರ್ ಮೈಕು

ದುಡ್ಡು ಖರ್ಚು ಮಾಡುವುದಿದ್ದರೆ ಮೊದಲು ಮೈಕಿಗೆ ಮಾಡಿ. ಸಾವಿರ ರೂಪಾಯಿ ಆಸುಪಾಸಿನ ತಂತಿಯ ಕಾಲರ್ ಮೈಕು ಸಾಕು. ಅದನ್ನು ಹೆಡ್‌ಫೋನ್ ತೂತಿರುವ ಹಳೆಯ ಫೋನಿಗೆ ಸಿಕ್ಕಿಸಿ, ಮಾತಾಡುವವರ ಜೇಬಿಗೋ ಸೊಂಟಕ್ಕೋ ಕಟ್ಟಿ. ಆ ಫೋನು ದನಿಯನ್ನಷ್ಟೇ ಹಿಡಿಯುತ್ತದೆ, ಇನ್ನೊಂದು ಚಿತ್ರವನ್ನು. ದನಿಯ ಫೋನಿನ ರೆಕಾರ್ಡಿಂಗ್ ಆ್ಯಪಿನಲ್ಲಿ ವೇವ್ ಕಡತ (ದನಿಯನ್ನು ಕುಗ್ಗಿಸದೆ ಇಡುವ ಬಗೆ), 48 ಕಿಲೋಹರ್ಟ್ಸ್ ಆಯ್ದುಕೊಳ್ಳಿ, ಗದ್ದಲ ತಗ್ಗಿಸುವ ಆಯ್ಕೆಯನ್ನು ಬಂದ್ ಮಾಡಿ. ದನಿಯ ಮಟ್ಟ ತೋರಿಸುವ ಮೀಟರಿನಲ್ಲಿ ಜೋರು ಮಾತು ಮೈನಸ್ 12 ಡೆಸಿಬೆಲ್ ಸುತ್ತ ಇರಲಿ. ಮೀಟರಿನ ಮೇಲ್ತುದಿಯಾದ ಸೊನ್ನೆ ಮುಟ್ಟಿ ಒಡೆದ ದನಿಯನ್ನು ಯಾರೂ ಸರಿಮಾಡಲಾರರು. ಎರಡೂ ಫೋನು ಏರೋಪ್ಲೇನ್ ಮೋಡಿನಲ್ಲಿರಲಿ.

ಮೈಕು ಎಲ್ಲಿಡುವುದೆಂಬುದು ಇಡೀ ಕೆಲಸದ ಜೀವ. ರುಮಾಲು ಸುತ್ತಿದ ಹಿರಿಯರಿದ್ದರೆ ಅದೃಷ್ಟ: ಹಣೆಯ ಮೇಲಿನ ಮಡಿಕೆಯಲ್ಲಿ ಮೈಕು ಅಡಗಿ ಕೂರುತ್ತದೆ, ತಲೆ ಎತ್ತ ತಿರುಗಿದರೂ ಬಾಯಿಯಿಂದ ಅಷ್ಟೇ ದೂರ. ಸೀರೆ ಉಟ್ಟವರಿಗೆ ಎದೆಯ ಮೇಲೆ ಸೆರಗಿನ ಒಳಮಡಿಕೆಗೆ, ಬಟ್ಟೆ ತಿಕ್ಕದಂತೆ ಮೈಕಿನ ಎರಡೂ ಕಡೆ ಅಂಟುಪಟ್ಟಿ ಹಾಕಿ ಅಂಟಿಸಿ. ಇದನ್ನು ತಂಡದ ಹೆಣ್ಣುಮಗಳೇ ಮಾಡಬೇಕು, ಹಾಗಾಗಿ ಹೆಣ್ಣುಮಗಳೊಬ್ಬಳು ತಂಡದಲ್ಲಿ ಇರಲೇಬೇಕು. ನೂಲಿನ ಸೀರೆ ಸದ್ದು ಮಾಡದು, ಪಾಲಿಯೆಸ್ಟರ್ ಮಾಡುತ್ತದೆ. ಬಳೆಗಳನ್ನು ತೆಗೆಸಬೇಡಿ. ರೊಟ್ಟಿ ಬಡಿಯುವಾಗಿನ ಬಳೆ ಸದ್ದು ದೃಶ್ಯಕ್ಕೆ ಸೇರಿದ್ದೇ. ಹೊಲದಲ್ಲಿ ಗಾಳಿಗೆ ಸ್ಪಂಜಿನ ಟೊಪ್ಪಿಗೆ ಸಾಲದು, ತುಪ್ಪಳದ್ದು ಬೇಕು.

ವೈರ್‌ಲೆಸ್ ಮೈಕಿನ ಜೋಡಿ ಇದ್ದರೆ ಇಬ್ಬರ ಮಾತು ಸುಲಭ. ಆದರೆ ಕೇಳುವವರೊಬ್ಬರು ಹೆಡ್‌ಫೋನ್ ಹಾಕಿಕೊಂಡೇ ಇರಬೇಕು, ಅವರು "ಇನ್ನೊಮ್ಮೆ" ಎಂದರೆ ನಿರ್ದೇಶಕ ಮರುಮಾತಾಡಬಾರದು.

ಚಿತ್ರ, ಬೆಳಕು

ಇದು ಬೇಗ ಹೇಳಿ ಮುಗಿಸುವ ಮಾತು. ಓಪನ್ ಕ್ಯಾಮೆರಾ, ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾದಂಥ ಉಚಿತ ಆ್ಯಪ್ ಹಾಕಿಕೊಳ್ಳಿ. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಸೆಕೆಂಡಿಗೆ 25 ಫ್ರೇಮು (ಬಿಡಿ ಚಿತ್ರ), ಶಟರ್ (ಪ್ರತಿ ಫ್ರೇಮಿಗೆ ಬೆಳಕು ಬೀಳುವ ಹೊತ್ತು) 1/50 ಸೆಕೆಂಡು ಇಡಿ. 30 ಫ್ರೇಮಿಗೆ ಬಿಟ್ಟರೆ ಟ್ಯೂಬ್‌ಲೈಟಿನ ಕೆಳಗೆ ಚಿತ್ರ ಮಿಣುಕುವುದುಂಟು. ಫೋಕಸ್, ಎಕ್ಸ್‌ಪೋಶರ್ (ಬೆಳಕಿನ ಪ್ರಮಾಣ), ಬಣ್ಣ ಮೂರನ್ನೂ ಲಾಕ್ ಮಾಡಿ. ಬಿಸಿಲಿನಲ್ಲಿ 1/50 ಶಟರಿಗೆ ಎಲ್ಲ ಬೆಳ್ಳಗಾಗುತ್ತದೆ, ಲೆನ್ಸಿನ ಮೇಲೆ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರು ಬೇಕು. ಮಾಳಿಗೆ ಮನೆಯ ಬೆಳಕಿಂಡಿಯಿಂದ ಬೀಳುವ ಬಿಸಿಲ ಕೋಲನ್ನು ಥರ್ಮಾಕೋಲ್ ಹಾಳೆಯಿಂದ ಮುಖಕ್ಕೆ ತಿರುಗಿಸಿದರೆ ಬೇರೆ ಲೈಟು ಬೇಡ. 4ಕೆ ಬೇಕೇಬೇಕೆಂಬ ಹಟ ಬೇಡ. 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ದರದಲ್ಲಿ ಗಂಟೆಗೆ 45 ಜಿಬಿ ಆಗುತ್ತದೆ. ಫುಲ್ ಎಚ್‌ಡಿಯಲ್ಲಿ 50 ಎಂಬಿಪಿಎಸ್ ಇಟ್ಟರೆ ಅದರರ್ಧ.

ಟೇಕಿನ ಶಿಸ್ತು

ಫ್ಯಾನ್ ಆರಿಸಿ. ಫ್ರಿಜ್ ಆರಿಸಿ, ನಿಮ್ಮ ಬೈಕಿನ ಕೀಲಿಯನ್ನು ಅದರೊಳಗೇ ಇಡಿ. ಮನೆಗೆ ಹೊರಡುವಾಗ ಫ್ರಿಜ್ ಮತ್ತೆ ಹಾಕುವುದು ಮರೆಯುವುದಿಲ್ಲ. ಬೀದಿಯ ಎರಡೂ ತುದಿಗೆ ಒಬ್ಬೊಬ್ಬರನ್ನು ನಿಲ್ಲಿಸಿ, "ಅಣ್ಣಾರ, ಎರಡು ನಿಮಿಷ ಗಾಡಿ ನಿಂದ್ರಸ್ರಿ" ಎಂದು ವಿನಯದಿಂದ ಕೇಳಿದರೆ ಇಲ್ಲವೆನ್ನುವವರು ಕಡಿಮೆ. ಮೊದಲು ದನಿ ಓಡಲಿ, ಆಮೇಲೆ ಚಿತ್ರ. ಕ್ಯಾಮೆರಾದ ಮುಂದೆ ದೃಶ್ಯದ ಸಂಖ್ಯೆ ಹೇಳಿ ಒಂದು ಚಪ್ಪಾಳೆ ತಟ್ಟಿ. ಅಂಗೈ ಕೂಡುವ ಫ್ರೇಮಿಗೂ ಆ ಸದ್ದಿಗೂ ಹೊಂದಿಸಿದರೆ ಇಡೀ ಟೇಕು ಹೊಂದುತ್ತದೆ. ಒಂದು ಜಾಗ ಬಿಡುವ ಮುನ್ನ ಎಲ್ಲರನ್ನೂ ಇದ್ದಲ್ಲೇ ನಿಲ್ಲಿಸಿ ಒಂದು ನಿಮಿಷದ ಮೌನ ರೆಕಾರ್ಡ್ ಮಾಡಿ. ಪ್ರತಿ ಕೋಣೆಯ ಮೌನವೂ ಬೇರೆ. ಕತ್ತರಿಸಿದ ಮಾತುಗಳ ನಡುವೆ ತುಂಬಲು ಅದೇ ಬೇಕು. ಗುಬ್ಬಿ, ಕುರಿಹಿಂಡು, ಕಾಲುವೆ ನೀರು, ಒಲೆಯ ಚಟಪಟ ಇವನ್ನೂ ಬೇರೆ ಬೇರೆ ಹಿಡಿದಿಡಿ. ರಾತ್ರಿ ಮಲಗುವ ಮುನ್ನ ಎಲ್ಲವೂ ಎರಡು ಡಿಸ್ಕಿಗೆ ನಕಲಾಗಿರಬೇಕು, ಆ ಎರಡು ಡಿಸ್ಕು ಎರಡು ಮನೆಯಲ್ಲಿರಬೇಕು.

ಎಡಿಟಿಂಗ್

ಡಾವಿಂಚಿ ರಿಸಾಲ್ವ್ ತಂತ್ರಾಂಶದ ಉಚಿತ ಆವೃತ್ತಿ ಸಾಕು. ಕಂಪ್ಯೂಟರ್ ಹಳೆಯದಾದರೆ ಕೆಡೆನ್‌ಲೈವ್ ನೋಡಿ. ಫೋನಿನ ವಿಡಿಯೊದಲ್ಲಿ ಫ್ರೇಮಿನ ವೇಗ ಒಂದೇ ಸಮ ಇರುವುದಿಲ್ಲ, ಟೇಕು ಉದ್ದವಾದಂತೆ ತುಟಿಗೂ ಮಾತಿಗೂ ತಾಳ ತಪ್ಪುತ್ತದೆ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಸ್ಥಿರ 25 ಫ್ರೇಮಿಗೆ ಬದಲಿಸಿಕೊಂಡೇ ಎಡಿಟಿಂಗಿಗೆ ಕೂರಿ. ಬಣ್ಣ ತಿದ್ದುವ ಆಸೆ ತಡೆದು ಮೊದಲು ಮಾತು ಶುದ್ಧ ಮಾಡಿ. ಮಾತು ಮುಗಿದ ಕೂಡಲೇ ಕತ್ತರಿಸಬೇಡಿ. ನಮ್ಮ ಹಿರಿಯರು ಮಾತಾಡಿ ಒಂದು ಉಸಿರು ಬಿಡುತ್ತಾರೆ, "ಹ್ಞೂಂ" ಎನ್ನುತ್ತಾರೆ, ಅದೂ ಸಂಭಾಷಣೆಯೇ.

ಕಾಗದಪತ್ರ

ಸಿನಿಮಾ ಹಾಡನ್ನು ಹಿನ್ನೆಲೆಗೆ ಹಾಕಬೇಡಿ. ಕವಿಯ ಹಕ್ಕು ಅವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಬೀಸುಕಲ್ಲಿನ ಪದ, ಸೋಬಾನೆ ಪದ ಹಾಡುವ ಅಮ್ಮಂದಿರು ಊರಲ್ಲೇ ಇದ್ದಾರೆ; ಅವರಿಂದ ಹಾಡಿಸಿ, ದುಡ್ಡು ಕೊಡಿ, ಒಪ್ಪಿಗೆ ಬರೆಸಿಕೊಳ್ಳಿ, ಹೆಸರು ಹಾಕಿ. ಇಟಗಿಯ ಮಹಾದೇವ ದೇವಾಲಯದಂಥ ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಸಿನಿಮಾ ತೆಗೆಯಲು ಮುಂಚಿತ ಅನುಮತಿ ಬೇಕು. ಮಕ್ಕಳು ನಟಿಸುವುದಿದ್ದರೆ ಜಿಲ್ಲಾಧಿಕಾರಿಗಳ ಅನುಮತಿ ಪಡೆಯಿರಿ. ನಿಯಮದ ಪ್ರಕಾರ ಮಗುವಿನ ಕೆಲಸ ದಿನಕ್ಕೆ 5 ಗಂಟೆ ಮೀರಬಾರದು, ಬಿಡುವಿಲ್ಲದೆ 3 ಗಂಟೆ ದಾಟಬಾರದು. ಸಾರ್ವಜನಿಕ ಪ್ರದರ್ಶನಕ್ಕೆ 1952ರ ಸಿನಿಮಾಟೋಗ್ರಾಫ್ ಕಾಯ್ದೆಯಂತೆ ಸೆನ್ಸಾರ್ ಪ್ರಮಾಣಪತ್ರ ಬೇಕು, ಅದರ ಪ್ರಾದೇಶಿಕ ಕಚೇರಿ ಬೆಂಗಳೂರಿನಲ್ಲಿದೆ. ಯೂಟ್ಯೂಬಿಗೆ ಅದು ಬೇಡ.

ಪ್ರಮಾಣಪತ್ರ ಕೈಗೆ ಬಂದ ಮೇಲೆ ಮೊದಲ ಪ್ರದರ್ಶನ ತೆಗೆದ ಊರಲ್ಲೇ ಇಟ್ಟುಕೊಳ್ಳಿ. ಶಾಲೆಯ ಬಿಳಿ ಗೋಡೆ, ಬಾಡಿಗೆ ಪ್ರೊಜೆಕ್ಟರು ಸಾಕು. ಸೌಂಡ್ ಸಿಸ್ಟಮಿನವರು ಜಾತ್ರೆಗೆ ಇಡುವಂತೆ ಬಾಸ್ ಏರಿಸಿಯೇ ಇಟ್ಟಿರುತ್ತಾರೆ, ಅದರಲ್ಲಿ ಮಾತು ಮುಳುಗಿಹೋಗುತ್ತದೆ. ಎರಡು ತಾಸು ಮುಂಚೆ ಹೋಗಿ ಬಾಸ್ ಇಳಿಸಿಸಿ, ಬಾಕ್ಸುಗಳನ್ನು ಗೋಡೆಯ ಎರಡು ಬದಿಗೆ, ಕೂತವರ ತಲೆಯೆತ್ತರಕ್ಕೆ ಇರಿಸಿ. ಕೊನೆಯ ಸಾಲಿನಲ್ಲಿ ಅಜ್ಜಿಯರು ಕೂರುವ ಜಾಗಕ್ಕೆ ಹೋಗಿ ನಿಂತು ಒಂದು ದೃಶ್ಯ ಕೇಳಿ ನೋಡಿ.